ನಾಲಿಗೆಯಡಿಯ ಕಾಳು

ಹಂದಿಯ ಬಾಯಿಗೆ ಅಡ್ಡಲಾಗಿ ಬೇವಿನ ಕೋಲು ಕೊಟ್ಟು, ಮೊಣಕಾಲಿನಿಂದ ಅದರ ಹೆಗಲನ್ನು ನೆಲಕ್ಕೊತ್ತಿ, ಸಕ್ಕುಬಾಯಿ ಹಳೆಯ ಸೀರೆಯ ತುಂಡಿನಿಂದ ಅದರ ನಾಲಿಗೆಯನ್ನು ಹಿಡಿದೆಳೆಯುತ್ತಿದ್ದಳು. ಹಿಂಗಾಲುಗಳನ್ನು ಹಗ್ಗದಿಂದ ಬಿಗಿದು, ಸೊಸೆ ಸಾರಿಕಾ ಅದರ ಬೆನ್ನಿನ ಮೇಲೆ ಅರ್ಧ ಕುಳಿತು ಅರ್ಧ ಮಲಗಿದ್ದಳು. ಹಂದಿಯ ಕಿರುಚಾಟಕ್ಕೆ ಅಲಖನೂರಿನ ನಾಯಿಗಳೆಲ್ಲ ದನಿಗೂಡಿಸಿದ್ದವು.

“ಅತ್ತಿ, ಲಗೂನ ಮಾಡ್ರಿ. ಇದು ನನ್ನ ಹೊತ್ಕೊಂಡ ರಾಯಬಾಗಕ್ಕ ಹೊಂಟೈತಿ.”

“ಹೋದ್ರ ಹೋಗವಾ. ಬರೂಮುಂದ ಉಳ್ಳಾಗಡ್ಡಿ ತಗೊಂಡ ಬಾ, ಮನ್ಯಾಗ ಒಂದೂ ಇಲ್ಲ.”

ಸಾರಿಕಾ ನಕ್ಕಳು. ನಗುವಾಗ ಹಿಡಿತ ಸಡಿಲಾಗಿ, ಬೈದುಕೊಳ್ಳುತ್ತ ಮತ್ತೆ ಬಿಗಿ ಮಾಡಿದಳು. ಎರಡು ದಿನದಿಂದ ಈ ಹಂದಿ ಮೇವಿಗೆ ಬಾಯಿ ಹಚ್ಚಿರಲಿಲ್ಲ. ಬೇಲಿಯ ಜಾಲಿಮುಳ್ಳು ಚುಚ್ಚಿರಬೇಕೆಂದು ಅತ್ತೆಯ ಅಂದಾಜು. ಅಂದಾಜು ಸುಳ್ಳಾಗಲಿಲ್ಲ. ಒಸಡಿನ ಸಂದಿಯಲ್ಲಿ ಮುಳ್ಳು ಸಿಕ್ಕಿತು. ಅದನ್ನು ಕಿತ್ತೆಸೆದು, ಇನ್ನೊಂದೇನಾದರೂ ಉಳಿದಿದೆಯೋ ಎಂದು ನಾಲಿಗೆಯ ಅಡಿಗೆ ಹೆಬ್ಬೆರಳು ಸವರಿದಳು.

ಅಲ್ಲಿ ಬೆರಳು ನಿಂತಿತು.

ಮೆತ್ತನೆಯ ಚರ್ಮದೊಳಗೆ ಏನೋ ಜಾರಿತು. ಮತ್ತೆ ಸವರಿದಳು. ಒಂದು, ಅದರ ಪಕ್ಕ ಇನ್ನೊಂದು, ನಾಲಿಗೆಯ ಬುಡದಲ್ಲಿ ಮೂರನೆಯದು. ನೆನೆಸಿಟ್ಟ ಜೋಳದ ಕಾಳಿನಷ್ಟು ದಪ್ಪ. ಒತ್ತಿದರೆ ಅತ್ತಿತ್ತ ಸರಿಯುವ ಗುಂಡುಗಳು. ನವೆಂಬರದ ಬೆಳಗಿನ ಚಳಿಯಲ್ಲೂ ಸಕ್ಕುಬಾಯಿಯ ಬೆನ್ನು ಬೆವರಿತು.

“ಮುಳ್ಳ ಸಿಕ್ತಿಲ್ಲರಿ?”

“ಸಿಕ್ತು.”

“ಮತ್ತೇನ ಹುಡಕಾಕತ್ತೀರಿ?”

“ಏನಿಲ್ಲ. ಬಿಡು ಅದನ್ನ.”

ಹಗ್ಗ ಬಿಚ್ಚಿದ ಕೂಡಲೇ ಹಂದಿ ಒಮ್ಮೆ ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ಹುಲ್ಲಿನೊಳಗೆ ನಡೆಯಿತು. ಸಕ್ಕುಬಾಯಿ ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದಳು, ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ದೂರ ಹಿಡಿದುಕೊಂಡು.

ಆ ಕಾಳಿನ ಪರಿಚಯ ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಇತ್ತು. ಅವಳ ಅಪ್ಪ ಲಕ್ಷ್ಮಣ ಹಂದಿ ವ್ಯಾಪಾರಿ. ಕುಡಚಿಯಿಂದ ಕಾಗವಾಡದವರೆಗೆ ಊರೂರು ತಿರುಗುತ್ತಿದ್ದ. ಯಾವ ಹಂದಿಯನ್ನೇ ಆಗಲಿ, ಕೊಳ್ಳುವ ಮೊದಲು ಕೆಡವಿ ನಾಲಿಗೆ ಎಳೆದು ಅಡಿಯನ್ನು ಸವರಿ ನೋಡುವುದು ಅವನ ಪದ್ಧತಿ. ಆ ಕಾಲದ ವ್ಯಾಪಾರಿಗಳೆಲ್ಲರದೂ ಅದೇ ಪದ್ಧತಿಯಾಗಿತ್ತು. ಬೆರಳಿಗೆ ಗುಂಡು ಹತ್ತಿದರೆ “ಕಾಳು ಐತಿ” ಎಂದು ಎದ್ದುಬಿಡುತ್ತಿದ್ದ. ಪುಕ್ಕಟೆ ಕೊಡುತ್ತೇನೆಂದರೂ ಹೊಡೆದುಕೊಂಡು ಬರುತ್ತಿರಲಿಲ್ಲ; ಬೂದಿ ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, “ಅದು ಒಂದ ಸಲ ಮನಿ ಹೊಕ್ಕರ ಮನಿ ಬಿಡೂದಿಲ್ಲವ್ವ” ಎಂದಿದ್ದ. ಆ ರಾತ್ರಿ ಸಕ್ಕುಬಾಯಿ ತಾಯಿಯ ಸೆರಗು ಹಿಡಿದು ಮಲಗಿದ್ದಳು.

ಈಗ ಅವಳಿಗೆ ಐವತ್ತೆಂಟು. ಹಿಡಿಯಲು ಯಾರ ಸೆರಗೂ ಇರಲಿಲ್ಲ.

ಊರ ಹೊರಗಿನ ಅವರ ಎರಡು ಎಕರೆ ಗರಸು ಭೂಮಿ ಕಬ್ಬಿಗೆ ಒಗ್ಗುವಂಥದ್ದಲ್ಲ. ಗಂಡ ನಾಮದೇವ ತೀರಿಕೊಳ್ಳುವತನಕ ಅದು ಬೀಳೇ ಬಿದ್ದಿತ್ತು. ಹಂದಿಯನ್ನು ಹುಲ್ಲಿನ ಮೇಲೆ ಬಿಟ್ಟು ಸಾಕುವ ವಿಚಾರ ಮಗ ಲಖನನದು. ಹೊಲದ ಸುತ್ತ ಎದೆಯೆತ್ತರದ ಹಸಿರು ಬೇಲಿ ಬೆಳೆಸಿದ. ಒಳಗೆ ಕರೆಂಟಿನ ಝಟಕಾ ತಂತಿಯಿಂದ ಎಂಟು ಪಟ್ಟಿ ಮಾಡಿದ. ಒಂದರಲ್ಲಿ ಕುದುರೆಮೆಂತೆ, ಒಂದರಲ್ಲಿ ಗೆಣಸು, ಉಳಿದವುಗಳಲ್ಲಿ ಬರೀ ಹುಲ್ಲು. ಹಂದಿಗಳು ಒಂದು ಪಟ್ಟಿಯಲ್ಲಿ ಒಂದು ವಾರ ಮೇಯುತ್ತವೆ. ಎಂಟನೆಯ ದಿನ ತಂತಿ ಸರಿಸಿ ಮುಂದಿನದಕ್ಕೆ ಬಿಟ್ಟರೆ ಹಿಂದಿನ ಪಟ್ಟಿಯ ಹುಲ್ಲು ಮತ್ತೆ ಚಿಗುರುತ್ತದೆ. ಮೊದಲ ವರ್ಷ ಊರಲ್ಲಿ ತಿರುಗುವ ಎರಡು ಹೆಣ್ಣು ಹಂದಿ ಕೊಂಡು ತಂದದ್ದು ಬಿಟ್ಟರೆ ಆಮೇಲೆ ಹೊರಗಿನದೊಂದೂ ಒಳಗೆ ಬಂದಿರಲಿಲ್ಲ. ಇಲ್ಲಿಯದೊಂದೂ ಗಟಾರದ ಮುಖ ನೋಡಿರಲಿಲ್ಲ. ದಾರಿಗೆ ಮುಖ ಮಾಡಿ ಲಖನ ಬೋರ್ಡು ನಿಲ್ಲಿಸಿದ್ದ: ‘ಹುಲ್ಲಿನ ಹಂದಿ.’

ಮೊದಮೊದಲು ಆ ಬೋರ್ಡು ಓದಿ ನಗುತ್ತ ಹೋಗುತ್ತಿದ್ದ ಜನ ಈಗ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಗೋವಾದ ಮಡಗಾಂವದ ವ್ಯಾಪಾರಿಯೊಬ್ಬ ಕ್ರಿಸ್‌ಮಸ್ಸಿಗೆ ಹನ್ನೆರಡು ಹಂದಿ ಬೇಕೆಂದು ತಾನೇ ಬಂದಿದ್ದ. ಹಳೆಯ ಅಭ್ಯಾಸದಂತೆ ಸಕ್ಕುಬಾಯಿ ಕೋಲು, ಅರಿವೆ ತಂದಿಟ್ಟರೆ, ಅವನು ಹೊಲದ ಉದ್ದಗಲ ನೋಡಿ ಕೈಯಾಡಿಸಿದ್ದ. ಇಂಥ ಜಾಗದ ಹಂದಿಗಳ ನಾಲಿಗೆ ನೋಡುವುದೆಂದರೆ ನಿಮ್ಮ ಮಗನಿಗೆ ಅಪಮಾನ ಮಾಡಿದಂತೆ ಎಂದಿದ್ದ. ಅಂದು ಲಖನ ಹಿಗ್ಗಿನಲ್ಲಿ ಒಂದೇ ಹೊತ್ತಿಗೆ ಎರಡು ಸಲ ಉಂಡ.

ಆ ವ್ಯಾಪಾರಿಯ ಗಾಡಿ ಬರುವ ಸೋಮವಾರಕ್ಕೆ ಎಂಟೇ ದಿನ ಉಳಿದಿದ್ದವು.

ಇನ್ನುಳಿದ ಹಂದಿಗಳ ನಾಲಿಗೆ ಎಳೆದು ನೋಡುವ ಧೈರ್ಯ ಸಕ್ಕುಬಾಯಿಗೆ ಆಗಲಿಲ್ಲ. ಯಾಕೆಂದರೆ ಹಂದಿಗಿಂತ ದೊಡ್ಡ ಅಂಜಿಕೆಯೊಂದು ಅವಳ ಮನೆಯೊಳಗೇ ಇತ್ತು.

ಎರಡು ತಿಂಗಳ ಹಿಂದೆ ಮೊಮ್ಮಗಳು ನೀಲಮ ಶಾಲೆಯಲ್ಲಿ ಪಾಟಿ ಹಿಡಿದುಕೊಂಡೇ ಬಿದ್ದಿದ್ದಳು. ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಎಂಟು ವರ್ಷದ ಕೂಸು. ಓಣಿಯ ಹೆಂಗಸರು ಗಾಳಿ ಎಂದರು, ದೃಷ್ಟಿ ಎಂದರು. ಸಾರಿಕಾ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಗಂಡನನ್ನು ಕರೆದುಕೊಂಡು ಕುಡಚಿಯಲ್ಲಿ ರೈಲು ಹತ್ತಿ ಮಗುವನ್ನು ಮಿರಜಿಗೆ ಒಯ್ದಳು. ತಲೆಯ ಚಿತ್ರ ತೆಗೆಸಿಕೊಂಡು ಮರಳಿ ಬಂದ ದಿನ ಜಗಲಿಯ ಮೇಲೆ ಕುಳಿತು ಅವಳು ಹೇಳಿದ್ದನ್ನು ಸಕ್ಕುಬಾಯಿ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಕೇಳಿದ್ದಳು.

“ಮೆದಳಿನ್ಯಾಗ ಹುಳದ ಗುಳ್ಳಿ ಕುಂತೈತಂತ್ರಿ, ಅತ್ತಿ. ‘ಹಂದಿ ಮಾಂಸ ತಿಂತೀರೇನ’ ಅಂತ ಕೇಳಿದ್ರು. ‘ನಮ್ಮ ಹುಡುಗಿ ಬಾಯಾಗೂ ಹಾಕೂದಿಲ್ಲ’ ಅಂದ್ನಿ. ‘ತಿಂದದ್ದಕ್ಕ ಹಿಂಗ ಆಗೂದಿಲ್ಲ. ಮನ್ಯಾಗ ಯಾರದರ ಹೊಟ್ಟ್ಯಾಗ ಉದ್ದನ ಲಾಡಿಹುಳಾ ಇರತೈತಿ. ಬಯಲಕಡಿ ಹೋಗಿಬಂದ ಅವರ ಕೈಯಾಗ ಅದರ ತತ್ತಿ ಉಳದ, ಅನ್ನದಾಗ ಕೂಸಿನ ಹೊಟ್ಟಿ ಸೇರತಾವು’ ಅಂದ್ರು. ಎಲ್ಲಾರದೂ ತಪಾಸಣಿ ಆಗಬೇಕಂತ.”

ಮಲ ತಪಾಸಣೆಗೆಂದು ಆಸ್ಪತ್ರೆಯವರು ಕೊಟ್ಟ ಮೂರು ಪುಟ್ಟ ಡಬ್ಬಿಗಳನ್ನು, ಕೆಂಪು ಮುಚ್ಚಳದವು, ಲಖನ ಗೋಡೆಯ ಮಾಡದಲ್ಲಿಟ್ಟು, “ನಮಗ್ಯಾಕ ಇರತೈತಿ ಹುಳಾ? ದಿನಾ ಎರಡ ಹೊತ್ತ ಮೈ ತೊಳ್ಕೊಳ್ಳೂ ಮಂದಿ ನಾವು” ಎಂದಿದ್ದ. ಡಬ್ಬಿಗಳ ಮೇಲೆ ಧೂಳು ಕುಳಿತಿತ್ತು.

ಸಕ್ಕುಬಾಯಿಯ ಕೈಯಲ್ಲಿನ ರೊಟ್ಟಿ ಅಂದು ಮೂರು ಹೋಳಾಗಿತ್ತು. ಅವಳಿಗೆ ಗೊತ್ತಿತ್ತು. ಒಂದೂ ಮುಕ್ಕಾಲು ವರ್ಷದಿಂದ, ಬೆಳಗಿನಲ್ಲಿ ಕುಂಬಳಬೀಜದಂಥ ಚಪ್ಪಟೆ ಬಿಳಿ ತುಂಡುಗಳನ್ನು ಅವಳು ನೋಡುತ್ತಲೇ ಬಂದಿದ್ದಳು. ಕೆಲವು ಅಲುಗಾಡುತ್ತಿದ್ದವು. ಯಾರ ಮುಂದೆ ಹೇಳುವುದು? ಗಂಡನಿಲ್ಲ. ಮಗನ ಮುಂದೆ ಆಡುವ ಮಾತಲ್ಲ. ಸೊಸೆ ಹೇಸಿಕೊಂಡು ತನ್ನ ಕೈಯ ನೀರು ಬಿಟ್ಟರೆ? ತಾನಾಗಿಯೇ ಹೋದೀತೆಂದು ಬೇವಿನ ರಸ ಕುಡಿದಳು, ಹೋಗಲಿಲ್ಲ.

ಹಂದಿಯ ನಾಲಿಗೆಯಲ್ಲಿ ಕಾಳು ಸಿಕ್ಕ ಮರುದಿನ ನಸುಕಿನಲ್ಲಿ ಸಕ್ಕುಬಾಯಿ ಎಂದಿನಂತೆ ತಂಬಿಗೆ ಹಿಡಿದು ಹೊಲದ ಬೇಲಿಯ ಮರೆಗೆ ಹೋದಳು. ಮನೆಯ ಹಿಂದೆ ಸರಕಾರದ ಸಂಡಾಸು ಇತ್ತು; ಸಿಮೆಂಟಿನದು, ಕಬ್ಬಿಣದ ಬಾಗಿಲಿನದು. ಇಲಿ ಹೆಗ್ಗಣ ಹೊಗದ ಒಂದೇ ಕೋಣೆ ಅದಾಗಿದ್ದರಿಂದ ಲಖನ ಅಲ್ಲಿ ಹಂದಿಗಳ ನುಚ್ಚಿನ ಚೀಲ ಒಟ್ಟಿ ಬೀಗ ಹಾಕಿದ್ದ. ಓಣಿಯಲ್ಲೂ ಹಾಗೆಯೇ. ಒಬ್ಬರ ಸಂಡಾಸಿನಲ್ಲಿ ಕುಳ್ಳು, ಒಬ್ಬರದರಲ್ಲಿ ಉಳ್ಳಾಗಡ್ಡಿ. ನಾಲ್ಕು ಗೋಡೆಯ ನಡುವೆ ಕುಳಿತರೆ ಉಸಿರು ಕಟ್ಟುತ್ತದೆಂದು ಸಕ್ಕುಬಾಯಿಯೂ ಎಂದೂ ಕೇಳಿರಲಿಲ್ಲ. ಮನೆಯವರೆಲ್ಲ ಹೋಗುತ್ತಿದ್ದದ್ದು ಹೊಲಕ್ಕೇ. ಹಂದಿಗಳು ಮೇಯ್ದು ಬಿಟ್ಟ ಪಟ್ಟಿ ಬೋಳಾಗಿರುತ್ತದೆ. ವಿಶ್ರಾಂತಿಗೆ ಬಿಟ್ಟ ಪಟ್ಟಿಯಲ್ಲಿ ಹುಲ್ಲು ಸೊಂಟದವರೆಗೆ ಬಂದಿರುತ್ತದೆ, ಮರೆಯಾಗುತ್ತದೆ. ಹಾಗಾಗಿ ಆ ಪಟ್ಟಿ.

ತಂತಿಯ ಆಚೆ ಹಂದಿಗಳು ಎದ್ದು ಬಂದು ಸಾಲಾಗಿ ನಿಂತಿದ್ದವು. ದಿನವೂ ಹೀಗೆಯೇ ನಿಲ್ಲುತ್ತಿದ್ದವು. ಮೂತಿ ಮೇಲೆತ್ತಿ ಗುಟುರು ಹಾಕುತ್ತ ಅವಳನ್ನೇ ನೋಡುತ್ತಿದ್ದವು. ತನ್ನ ಮೇಲಿನ ಪ್ರೀತಿಗೆ ಏಳುತ್ತವೆಂದು ಆರು ವರ್ಷ ತಿಳಿದಿದ್ದಳು. “ಎದ್ರೇನ ಬೇ ನನ್ನ ಮಕ್ಕಳ್ರಾ?” ಎಂದು ಮಾತಾಡಿಸುತ್ತಿದ್ದಳು.

ಇಂದು ಅವಳ ಬಾಯಿಂದ ಮಾತು ಹೊರಡಲಿಲ್ಲ. ನಾಳೆಗೆ ವಾರ ತುಂಬುತ್ತದೆ. ನಾಳೆ ಲಖನ ತಂತಿ ಸರಿಸುತ್ತಾನೆ. ಈ ಹಂದಿಗಳು ಈ ಹುಲ್ಲಿಗೇ, ತಾನು ನಿಂತ ಈ ಜಾಗಕ್ಕೇ ಬರುತ್ತವೆ. ಪ್ರತಿ ವಾರವೂ ಬಂದಿವೆ. ಅವು ಕಾಯುತ್ತಿದ್ದದ್ದು ಅವಳಿಗಾಗಿ ಅಲ್ಲ, ಅವಳು ಹುಲ್ಲಿನಲ್ಲಿ ಬಿಟ್ಟುಹೋಗುವುದಕ್ಕಾಗಿ.

ತಂಬಿಗೆ ಕೈಯಿಂದ ಜಾರಿತು. ನೀರು ಹುಲ್ಲಿನಲ್ಲಿ ಇಂಗಿತು. ಸಕ್ಕುಬಾಯಿ ಹಾಗೆಯೇ ತಿರುಗಿ ಮನೆಯತನಕ ಓಡಿದಳು. ಯಾರೋ ಬೆನ್ನು ಹತ್ತಿದಂತೆ.

ಅಂದಿನಿಂದ ಅವಳು ಅಡಿಗೆ ಒಲೆ ಮುಟ್ಟಲಿಲ್ಲ. ಕೈ ನೋವೆಂದಳು. ನೀಲಮನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹುಡುಗಿ ಗಂಗಾಳ ಹಿಡಿದು ಎದುರಿಗೇ ಬಂದು ಕುಳಿತಳು.

“ಆಯೀ, ತುತ್ತ ಮಾಡಿ ಹಾಕ.”

“ನಿನ್ನ ಕೈಯಿಲೆ ಉಣ್ಣ. ದೊಡ್ಡಾಕಿ ಆಗೀದಿ.”

“ಮೊನ್ನಿತನ ಸಣ್ಣಾಕಿ ಇದ್ನಿ, ಈಗ ಹೆಂಗ ದೊಡ್ಡಾಕಿ ಆದ್ನಿ?”

“ಕೈ ನೂಸತೈತಿ ಕೂಸ.”

“ಸುಳ್ಳ! ಬೆಳಿಗ್ಗೆ ಹುಲ್ಲಿನ ಹೊರಿ ಹೊತ್ತಿದ್ದಿ, ನಾ ನೋಡೀನಿ.” ಹುಡುಗಿಯ ತುಟಿ ನಡುಗಿತು. “ನನಗ ಫಿಟ್ಸ ಬರತೈತಂತ ನೀನೂ ಹೇಸಾಕತ್ತೀದಿ. ಸಾಲ್ಯಾಗ ಕಾಜಲಾನೂ ಹಿಂಗ, ನನ್ನ ಬಾಜೂ ಕುಂದರೂದಿಲ್ಲ.”

ಸಕ್ಕುಬಾಯಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳು ಮಾತು ಹುಡುಕುವಷ್ಟರಲ್ಲಿ ಗಂಗಾಳ ನೆಲಕ್ಕೆ ಬಿತ್ತು. ನೀಲಮನ ಕಣ್ಣುಗಳು ಒಂದು ಕಡೆಗೆ ತಿರುಗಿದವು, ಕತ್ತು ವಾಲಿತು, ಪುಟ್ಟ ಮೈ ಬಿಲ್ಲಿನಂತೆ ಬಾಗಿತು. ಸಾರಿಕಾ ಒಳಗಿನಿಂದ ಹಾರಿ ಬಂದು ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ತನ್ನ ಸೆರಗು ಕೊಟ್ಟು, “ಏನಿಲ್ಲ, ಏನಿಲ್ಲ ನನ್ನವ್ವಾ, ಈಗ ಹೋಗತೈತಿ” ಎನ್ನುತ್ತ ಕುಳಿತಳು. ಅಷ್ಟು ಹೊತ್ತೂ ಸಕ್ಕುಬಾಯಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮೊಮ್ಮಗಳನ್ನು ಮುಟ್ಟಲು ಅವಳಿಗೆ ತನ್ನ ಕೈಯ ಅಂಜಿಕೆ.

ಮಗು ನಿದ್ದೆ ಹೋದ ಮೇಲೆ ಸಕ್ಕುಬಾಯಿ ಹಿತ್ತಿಲಿಗೆ ಹೋಗಿ ಸಂಡಾಸಿನ ಬೀಗ ತೆಗೆದಳು. ಒಂದು ಚೀಲ ಎಳೆದು ಹೊರಗೆ ಹಾಕಿದಳು. ಇನ್ನೊಂದು. ಮೂರನೆಯದನ್ನು ಎಳೆಯುವಾಗ ಚಿಕ್ಕೋಡಿಯಿಂದ ಬಂದ ಲಖನ ಮೋಟರ್ ಸೈಕಲ್ ನಿಲ್ಲಿಸಿ ಓಡಿ ಬಂದ.

“ಅವ್ವಾ, ಏನ ನಡಸೀದಿ? ಹೆಗ್ಗಣ ಹೊಕ್ಕರ ಇಷ್ಟೂ ಚೀಲ ಒಂದ ವಾರದಾಗ ಖಲಾಸ್!”

“ಇದನ್ನ ಖಾಲಿ ಮಾಡಾಕತ್ತೀನಿ.”

“ಯಾಕ?”

“ಕುಂದರಾಕ.”

ಲಖನ ನಗಬೇಕೋ ಬೈಯಬೇಕೋ ತಿಳಿಯದೆ ನಿಂತ. “ನೀನ? ನೀನ ಅಂತಿದ್ದೆಲ್ಲ, ಉಸರ ಕಟ್ಟತೈತಿ ಅಂತ?”

“ಕಟ್ಟಲಿ.” ಸಕ್ಕುಬಾಯಿ ಚೀಲದ ಮೇಲೆ ಕುಳಿತಳು. “ಲಖ್ಯಾ, ಹಂದಿ ನಾಲಿಗ್ಯಾಗ ಕಾಳ ಐತಿ. ನನ್ನ ಕೈಯಾರೆ ನೋಡೀನಿ. ಅದು ನನ್ನಿಂದ ಆಗೇತಿ. ಆ ಹುಳಾ ನನ್ನ ಹೊಟ್ಟ್ಯಾಗ ಐತಿ.”

ಒಂದು ಸಲ ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. ಬಿಳಿ ತುಂಡುಗಳು, ಎತ್ತರದ ಹುಲ್ಲಿನ ಪಟ್ಟಿ, ತಂತಿಯ ಹತ್ತಿರ ಕಾಯುವ ಹಂದಿಗಳು, ರೊಟ್ಟಿ, ತುತ್ತು, ನೀಲಮ. ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. ಲಖನನ ಮುಖ ಸುಣ್ಣದಂತಾಯಿತು. ಅವನು ಮೊದಲು ಮಾಡಿದ ಕೆಲಸವೆಂದರೆ ಓಣಿಯ ಕಡೆ ತಿರುಗಿ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡಿದ್ದು.

“ಅವ್ವಾ, ಇದನ್ನ ಯಾರ ಮುಂದೂ ಅನಬ್ಯಾಡ.”

“ಯಾಕ ಅನಬಾರದು?”

“ಸೋಮವಾರ ಗಾಡಿ ಬರತೈತಿ. ಗಟಾರದ ಹಂದಿಯವರು ಅಂತ ಮದಿವ್ಯಾಗ ಸಾರಿಕಾನ ಸೋದರಮಾವ ನಮ್ಮ ಮನ್ಯಾಗ ನೀರ ಸೈತ ಕುಡೀಲಿಲ್ಲ, ನೆನಪೈತಿಲ್ಲೋ? ಈಗ ಅಂವನ ಬಂದ ಹೊಲಾ ನೋಡಿ ಹೋಗತಾನ. ಆರ ವರ್ಷ ಹಿಡೀತ ನನಗ. ಒಂದ ಮಾತ ಹೊರಗ ಬಿದ್ರ ಎಲ್ಲಾ ತಿರುಗಿ ಗಟಾರಕ್ಕ ಹೋತು.” ಅವನ ದನಿ ನಡುಗುತ್ತಿತ್ತು. ಅದು ಸಿಟ್ಟಲ್ಲ, ಅಂಜಿಕೆ ಎಂದು ತಾಯಿಗೆ ತಿಳಿಯಿತು. “ನೀ ಗುಳಿಗಿ ತಗೋ. ನಾನ ಕರ್ಕೊಂಡ ಹೋಗತೀನಿ, ಮಿರಜ ಬ್ಯಾಡ, ದೂರ ಎಲ್ಲೆರ ತೋರ್ಸೂನು. ಮುಂದಿನ ಮರಿಗೋಳಿಗೆ ಔಷಧ ಹಾಕೂನು. ಈ ಹನ್ನೆರಡ ಹೋಗಲಿ. ಚಲೋತ್ನಂಗ ಬೇಯಿಸಿ ತಿಂದ್ರ ಆ ಕಾಳಿನಿಂದ ಏನೂ ಆಗೂದಿಲ್ಲಂತ ಡಾಕ್ಟರ ಅಂದಾರ.”

“ನಾವೂ ಚಲೋತ್ನಂಗ ಬೇಯಿಸಿ ತಿಂದೀವಿ ಲಖ್ಯಾ. ನಿನಗ ಹತ್ತಲಿಲ್ಲ, ಸಾರಿಕಾಗ ಹತ್ತಲಿಲ್ಲ. ನನಗ ಹೆಂಗ ಹತ್ತಿತು?”

ಲಖನ ಹೊರಗೆ ಬಿದ್ದ ಚೀಲವೊಂದನ್ನು ಕಾಲಿನಿಂದ ಸರಿಸಿದ.

“ಅರ್ಧಾ ಕುದಿಯೂಮುಂದ ಉಪ್ಪ ಖಾರ ಹತ್ತೇತೋ ಇಲ್ಲೋ ಅಂತ ಒಂದ ತುಂಡ ಬಾಯಾಗ ಹಾಕಿ ನೋಡಾಕಿ ನಾನ. ಬೇಯದ ಕಾಳ ಹೊಟ್ಟ್ಯಾಗ ಹೋಗಿ ಹುಳಾ ಆಗೇತಿ. ಇಷ್ಟ ದಿನ ಅದನ್ನ ವಿಚಾರ ಮಾಡಾಕತ್ತೀನಿ.” ಸಕ್ಕುಬಾಯಿ ತಲೆ ಎತ್ತಿದಳು. “ಉಪ್ಪ ನೋಡವರು ಎಲ್ಲಾ ಮನ್ಯಾಗೂ ಇರತಾರಲೇ. ಆ ಗೋವಾದಾಗೂ ಇರತಾರ. ಅವರ ಮನ್ಯಾಗೂ ತುತ್ತ ಹಾಕಸ್ಕೊಳ್ಳೂ ಕೂಸ ಇರತಾವ.”

ಬಾಗಿಲಲ್ಲಿ ಬಳೆಯ ಸದ್ದಾಯಿತು. ಸಾರಿಕಾ ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅತ್ತಿ,” ಎಂದಳು. ದನಿ ತಗ್ಗಿನಲ್ಲಿತ್ತು. “ನಿಮಗ ಯಾವಾಗಿಂದ ಗೊತ್ತಿತ್ತು?”

“ಹೋದ ವರ್ಷ ಮಾರ್ಚದಿಂದ.”

“ನಾನು ಮಿರಜಿಂದ ಬಂದು ಹೇಳೂಮುಂದ ನೀವು ರೊಟ್ಟಿ ಬಡ್ಯಾಕತ್ತಿದ್ರಿ.”

“ಹೂಂ.”

“ಆಮ್ಯಾಲೂ ಎರಡ ತಿಂಗಳ ರೊಟ್ಟಿ ಬಡದ್ರಿ.”

ಬೈದಿದ್ದರೆ, ಕೂಗಾಡಿದ್ದರೆ ಸಕ್ಕುಬಾಯಿ ಸಹಿಸುತ್ತಿದ್ದಳು. ಸಾರಿಕಾ ತಿರುಗಿ ಒಳಗೆ ಹೋದಳು. ಅವಳು ಈಗ ಗಂಟು ಕಟ್ಟುತ್ತಾಳೆ, ಕೂಸನ್ನೆತ್ತಿಕೊಂಡು ತವರಿಗೆ ಹೋಗುತ್ತಾಳೆ, ಇನ್ನು ನೀಲಮನ ಮುಖ ನೋಡುವುದು ಮುಗಿಯಿತು ಎಂದುಕೊಂಡು ಸಕ್ಕುಬಾಯಿ ಕಣ್ಣು ಮುಚ್ಚಿದಳು.

ಸಾರಿಕಾ ಹೊರಗೆ ಬಂದಾಗ ಅವಳ ಕೈಯಲ್ಲಿ ಕೆಂಪು ಮುಚ್ಚಳದ ಮೂರು ಡಬ್ಬಿಗಳಿದ್ದವು. ಸೆರಗಿನಿಂದ ಧೂಳು ಒರೆಸಿ ಒಂದನ್ನು ಗಂಡನ ಕೈಗೆ ಕೊಟ್ಟಳು, ಒಂದನ್ನು ತಾನಿಟ್ಟುಕೊಂಡಳು, ಮೂರನೆಯದನ್ನು ಅತ್ತೆಯ ಮಡಿಲಲ್ಲಿ ಇಟ್ಟಳು. ಅವಳ ಕೈ ಅತ್ತೆಗೆ ತಾಗಲಿಲ್ಲ. ಆದರೆ ಇಟ್ಟಮೇಲೆ ಬಾಗಿ ನುಚ್ಚಿನ ಚೀಲದ ಒಂದು ಮೂಲೆ ಹಿಡಿದಳು.

“ಹಿಡೀರಿ ಆ ಕಡೆ,” ಎಂದಳು ಗಂಡನಿಗೆ. “ಇನ್ನೂ ಹತ್ತ ಅದಾವು.”

ಮರುದಿನ ಬೆಳಿಗ್ಗೆ ಮೂವರೂ ಸೇರಿ ಹನ್ನೆರಡು ಹಂದಿಗಳನ್ನೂ ಒಂದೊಂದಾಗಿ ಕೆಡವಿ ನಾಲಿಗೆ ನೋಡಿದರು. ಪ್ರತಿ ನಾಲಿಗೆಯ ಅಡಿಗೂ ಲಖನ ತಾನೇ ಬೆರಳು ಹಾಕಿದ. ಐದರಲ್ಲಿ ಕಾಳಿತ್ತು. ಐದನೆಯದನ್ನು ಬಿಟ್ಟು ಎದ್ದವನು ಬೂದಿ ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಅದನ್ನು ನೋಡಿ ಸಕ್ಕುಬಾಯಿಗೆ ತನ್ನ ಅಪ್ಪನೇ ಬಂದು ನಿಂತಂತಾಯಿತು. ಆಮೇಲೆ ಲಖನ ಬೇವಿನ ಗಿಡದ ಕೆಳಗೆ ಹೋಗಿ ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಕೊನೆಗೆ ಮಡಗಾಂವದ ನಂಬರು ಒತ್ತಿದ. ಆ ಕಡೆಯ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡು, ಗಾಡಿ ಕಳಿಸುವುದಿಲ್ಲ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಇನ್ನೊಮ್ಮೆ ಅವನು ಫೋನು ಮಾಡುತ್ತಾನೋ ಇಲ್ಲವೋ ಯಾರಿಗೂ ತಿಳಿಯದು.

ಪಶು ವೈದ್ಯರು ಬಂದು ಹಂದಿಗಳಿಗೆ ಔಷಧ ಹಾಕಿ, ತಾವು ಹೇಳುವತನಕ ಒಂದೂ ಹೊಲ ದಾಟಬಾರದೆಂದರು. ಆರೋಗ್ಯ ಕೇಂದ್ರದ ರೂಪಾಲಿ ಡಾಕ್ಟರಬಾಯಿ ಡಬ್ಬಿಗಳನ್ನು ಪರೀಕ್ಷೆಗೆ ಕಳಿಸಿದರು. ಹುಳದ ತತ್ತಿ ಕಂಡದ್ದು ಸಕ್ಕುಬಾಯಿಯದರಲ್ಲಿ ಮಾತ್ರ. ಗುಳಿಗೆಯನ್ನು ತಮ್ಮೆದುರಿಗೇ ನುಂಗಿಸಿ, ಎದುರಿಗೆ ಕೂಡಿಸಿಕೊಂಡರು.

“ನಿಮ್ಮದ ಹೋಗತೈತಿ ಆಯಿ, ಅಂಜಬ್ಯಾಡ್ರಿ. ನೀಲಮಂದು ಗುಳಿಗಿ ತಪ್ಪಸಬಾರದು, ಇಷ್ಟ. ಆದ್ರ ಆ ಬೇಲಿ ಮರಿಗೆ ನಿಮ್ಮ ಓಣಿ ಮಂದಿ ಎಲ್ಲಾ ಬರತಾರ. ಯಾರ ಹೊಟ್ಟ್ಯಾಗ ಏನೈತೋ ಹೇಳಾಕಾಗೂದಿಲ್ಲ. ಎಲ್ಲಾರದೂ ತಪಾಸಣಿ ಆಗಬೇಕು. ಅದಕ್ಕ ರಾಯಬಾಗದ ತಾಲೂಕಾ ಆಫೀಸಿಗೆ ಲಿಖಿತ ಹೋಗಬೇಕು. ನಾ ನನ್ನದು ಬರೀತೀನಿ. ಓಣಿಯವರೊಬ್ರು ‘ನಮ್ಮ ಮನ್ಯಾಗ ಹಿಂಗ ಆಗೇತಿ’ ಅಂತ ಹೆಸರ ಹಾಕಿ ಕೊಟ್ರ ಕೆಲಸ ಲಗೂ ಆಗತೈತಿ. ಜುಲುಮಿ ಇಲ್ಲ. ವಿಚಾರ ಮಾಡ್ರಿ.”

ಹೆಸರು ಹಾಕಿ. ಆ ಮಾತು ಮನೆಯತನಕ ಸಕ್ಕುಬಾಯಿಯ ಹಿಂದೆಯೇ ಬಂದಿತು. ಇಲ್ಲಿಯವರೆಗೆ ಗೊತ್ತಿದ್ದದ್ದು ಮನೆಯವರಿಗೆ, ಡಾಕ್ಟರರಿಗೆ. ಹೆಸರು ಹಾಕಿದರೆ ಇಡೀ ಓಣಿಗೆ ಗೊತ್ತಾಗುತ್ತದೆ. ನೀರಿನ ನಳದ ಹತ್ತಿರ, ಕಿರಾಣಿ ಅಂಗಡಿಯ ಹತ್ತಿರ ಅವಳು ಬರುವಾಗ ಮಾತು ನಿಲ್ಲುತ್ತದೆ.

ಆದರೂ ಮನೆಗೆ ಬಂದವಳು ನೆಲುವಿನ ಮೇಲಿನ ಸಂಡಿಗೆ ಡಬ್ಬಿ ಇಳಿಸಿದಳು. ಅದರ ತಳದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು. ಹೋದ ವರ್ಷ ಅವಳು ಹೋಗುತ್ತಿದ್ದ ಸಂಜೆಯ ಸಾಕ್ಷರತೆ ವರ್ಗದಲ್ಲಿ ತಾರವ್ವ ಟೀಚರು, ಬಾಯಿಂದ ಹೇಳಲಾಗದ್ದನ್ನು ಸಂಬಂಧಪಟ್ಟವರಿಗೆ ಪತ್ರ ಬರೆಯಿರಿ, ನಾನು ಓದುವುದಿಲ್ಲ ಎಂದಿದ್ದರು. ಅಂದು ಬರೆದದ್ದು. ಅವಳ ಬಾಳಿನಲ್ಲಿ ಬರೆದ ಮೊದಲ ಪತ್ರ.

‘ಡಾಕ್ಟರಬಾಯಿ ಅವರಿಗೆ ಸಕ್ಕುಬಾಯಿ ಮಾಡುವ ನಮಸ್ಕಾರ. ನನಗೆ ಎಂಟು ದಿನದಿಂದ ಹೊರಕಡೆಗೆ ಹೋದಾಗ ಕುಂಬಳ ಬೀಜದ ಹಾಗೆ ಬಿಳಿ ತುಂಡು ಬೀಳುತ್ತವೆ. ಹೇಳಲು ನಾಚಿಕೆ ಅದಕ್ಕೆ ಬರೆದೇನಿ. ಏನು ಮಾಡಲಿ ತಿಳಿಸಿರಿ.’

ಮೇಲೆ ತಾರೀಖು ಇತ್ತು, ಹೋದ ವರ್ಷದ ಮಾರ್ಚ್ ತಿಂಗಳದ್ದು. ಎಂಟು ದಿನದ್ದಾಗಿದ್ದಾಗ ಕಳಿಸಿದ್ದರೆ! ಸಕ್ಕುಬಾಯಿ ಆ ತಾರೀಖನ್ನು ಬಹಳ ಹೊತ್ತು ನೋಡಿದಳು. ಹರಿದು ಹೊಸದಾಗಿ ಬರೆಯಬಹುದಿತ್ತು. ಬರೆಯಲಿಲ್ಲ. ಅದರ ಕೆಳಗೇ ಅಕ್ಷರ ಕೂಡಿಸಿ ಕೂಡಿಸಿ ಮುಂದುವರಿಸಿದಳು.

‘ಡಾಕ್ಟರಬಾಯಿಗೆ ಬರೆದ ಈ ಪತ್ರ ಆಗ ಕಳಿಸಲಿಲ್ಲ. ಅಂಜಿದೆ. ಈಗ ನನ್ನ ಮೊಮ್ಮಗಳ ತಲೆಯಲ್ಲಿ ಗುಳ್ಳೆ ಆಗಿದೆ. ನಮ್ಮ ಐದು ಹಂದಿಯ ನಾಲಿಗೆಯಲ್ಲಿ ಕಾಳು ಇದೆ. ಸಂಡಾಸದಲ್ಲಿ ಚೀಲ ಇಟ್ಟಿದ್ದೆವು, ತೆಗೆದೇವೆ. ನಮ್ಮ ಓಣಿಯ ಎಲ್ಲರನ್ನೂ ತಪಾಸಣೆ ಮಾಡಿರಿ. ಮೊದಲು ನಮ್ಮ ಮನೆಗೆ ಬರ್ರಿ. ಹುಲ್ಲಿನ ಹಂದಿ ಅಂತ ಬೋರ್ಡು ಇದೆ, ಯಾರನ್ನೂ ಕೇಳುವುದು ಬೇಡ. ಸಕ್ಕುಬಾಯಿ ನಾಮದೇವ ಕಾಂಬಳೆ.’

ಲಖನ ಓದಿದ. ಬೋರ್ಡಿನ ಮಾತು ಬಂದಲ್ಲಿ ಒಂದು ಕ್ಷಣ ತಡೆದ. ಆಮೇಲೆ ಅಂಗಡಿಗೆ ಹೋಗಿ ಲಕೋಟೆ ತಂದು, ರಾಯಬಾಗದ ತಾಲೂಕಾ ಆಫೀಸಿನ ವಿಳಾಸ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟ.

ಮರುದಿನ ಬೆಳಿಗ್ಗೆ ಸಕ್ಕುಬಾಯಿ ಸಾಬೂನು ಹಚ್ಚಿ ಕೈ ತೊಳೆದು, ಒಣ ಅರಿವೆಯಿಂದ ಒರೆಸಿ, ಲಕೋಟೆ ಹಿಡಿದು ಅಂಚೆ ಕಚೇರಿಗೆ ಹೊರಟಳು. ನೀಲಮ ಹಿಂದಿನಿಂದ ಓಡಿ ಬಂದು ಅವಳ ಕೈ ಹಿಡಿದಳು. ಸಕ್ಕುಬಾಯಿ ತಿರುಗಿ ಬಾಗಿಲಲ್ಲಿ ನಿಂತಿದ್ದ ಸಾರಿಕಾನ ಕಡೆ ನೋಡಿದಳು. ಸಾರಿಕಾ ಒಂದು ಗಳಿಗೆ ನೋಡಿ, ಬೇಡವೆನ್ನದೆ ಒಳಗೆ ಹೋದಳು.

ಅಂಚೆಯ ಕೆಂಪು ಡಬ್ಬಿಯ ಬಾಯಿಯಲ್ಲಿ ಲಕೋಟೆ ತುರುಕಿದ ಮೇಲೂ ಸಕ್ಕುಬಾಯಿಯ ಬೆರಳುಗಳು ಅದನ್ನು ಬಿಡಲು ಒಲ್ಲೆವೆಂದವು. ನೀಲಮ, “ಆಯೀ, ಬಿಡಬೇ ಅದನ್ನ, ಒಳಗ ಹೋಗಲಿ” ಎಂದಳು. ಬಿಟ್ಟಳು. ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು.

ಆಮೇಲೂ ಅವಳು ಮನೆಗೆ ಹೊರಡಲಿಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕುಳಿತಳು. ಹತ್ತೂವರೆಗೆ ಅಂಚೆಯ ಹಾಲಸಿದ್ದ ಬಂದು, ಕೀಲಿ ತೆಗೆದು, ಡಬ್ಬಿಯಲ್ಲಿದ್ದ ನಾಲ್ಕು ಕಾಗದಗಳನ್ನು ಕೈಯಲ್ಲಿ ತೆಗೆದುಕೊಂಡ. ಮೇಲಿನ ಲಕೋಟೆಯ ಹಿಂಬದಿಯ ಹೆಸರು ಓದಿ ಅವಳ ಕಡೆ ನೋಡಿದ.

“ಏನಬೇ ಸಕ್ಕವ್ವಾ, ಆಗಿಂದ ಕುಂತೀದಿ? ಪತ್ರ ವಾಪಸ್ ಬೇಕೇನ? ಚೀಲಾ ಕಟ್ಟಿದ ಮ್ಯಾಲ ಸಿಗೂದಿಲ್ಲ ನೋಡ.”

ಸಕ್ಕುಬಾಯಿ ನೀಲಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡಪಾ,” ಎಂದಳು. “ಕಟ್ಟ ಚೀಲಾ. ಕಟ್ಟೂದ ನೋಡಿ ಹೋಗಬೇಕಂತ ಕುಂತೀನಿ.”